ಅನುಭವ ಪತ್ರ

ಆ ದೇಶಕ್ಕೆ ಬೇಕಾದವರ ಪಟ್ಟಿಯಲ್ಲಿ ನಾನಿದ್ದೇನೆ.
ಹೆಸರಿಲ್ಲ, ಆರಂಕಿಯ ಒಂದು ಸಂಖ್ಯೆ:
ಅಚ್ಚು ಮಾಡುವವರು, ಲೋಹ ಉಜ್ಜುವವರು, ಅಳೆಯುವವರು.
ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು
(ತಂಗಿ ಮಗಳದ್ದು, ಒಂಬತ್ತಕ್ಕೆ ವಾಪಸು ಕೊಡಬೇಕು)
ಇಪ್ಪತ್ತೇಳನೇ ಪುಟಕ್ಕೆ ಬಂದಿದ್ದೇನೆ.

ಕುಲನಾಮ ಕೇಳಿತ್ತು. ಖಾಲಿ ಬಿಟ್ಟರೆ ಕೆಂಪಾಗುತ್ತದೆ.
ನನ್ನ ಹೆಸರಿನ ಬೆನ್ನಿಗಿರುವುದು ಒಂದು ಟಿ, ಒಂದು ಚುಕ್ಕಿ.
ಬಿಡಿಸಿ ಬರೆದೆ: ತಿಮ್ಮರಾಯಪ್ಪ.
ಅಲ್ಲಿ ಎಲ್ಲರೂ ನನ್ನನ್ನು ಮಿಸ್ ತಿಮ್ಮರಾಯಪ್ಪ ಅಂತಾರೆ.
ಅಪ್ಪನಿಗೆ ವಿಮಾನ ಹತ್ತುವ ಯೋಗ
ಹೀಗೆ ಇತ್ತೋ ಏನೋ.

ಹತ್ತೊಂಬತ್ತನೇ ತಾರೀಕಿಗೆ ನನಗೆ ನಲವತ್ತು,
ಐದು ಅಂಕ ಕಡಿಮೆ.
ಹುಟ್ಟುಹಬ್ಬಕ್ಕೆ ಹೆದರಿದ್ದು ಇದೇ ಮೊದಲು.

ಐಟಿಐ ಅಂಕಪಟ್ಟಿ ಇದೆ, ಪೊಲೀಸರ ಪತ್ರ ಇದೆ,
ನನ್ನ ಎದೆಗೂಡಿನ ಎಕ್ಸ್‌ರೇ ಇದೆ.
‘ನಿಮ್ಮ ಬದುಕಿನ ಸಂತೋಷದ ದಿನ’ದ ಬಗ್ಗೆ
ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಪಡೆದ ಏಳು ಇದೆ.
ಸಮುದ್ರ ನೋಡಿದ ದಿನ ಅಂದುಬಿಟ್ಟೆ, ಸುಳ್ಳು.
ನಿಜದ್ದು, ಎರಡು ಮೈಕ್ರಾನಿನೊಳಗೆ ತಂದಿಟ್ಟ
ನನ್ನ ಮೊದಲ ಡೈ. ಅದಕ್ಕೆ ಮಾತು ಸಿಕ್ಕಲಿಲ್ಲ.

ಇಲ್ಲದ್ದು ಒಂದೇ:
ಪೀಣ್ಯ ಎರಡನೇ ಹಂತದ ಒಂಬತ್ತು ವರ್ಷ.
ಷೆಡ್ಡು ಇದ್ದ ಜಾಗದಲ್ಲಿ ಈಗ ಪಾರ್ಸೆಲ್ ಗೋಡೌನು,
ಗೇಟಿನ ಟೀ ಪಿಳ್ಳಮ್ಮ ಮಾತ್ರ ಅಲ್ಲೇ.
ಆರಾಧ್ಯ ಸಾರ್ ಲಗ್ಗೆರೆಯಲ್ಲಿ ದೋಸೆ ಹಿಟ್ಟು ಮಾರ್ತಾರೆ ಕಣಮ್ಮ,
ಅಂದಳು.

ಹೋದೆ. ಗ್ರೈಂಡರು ತಿರುಗುತ್ತಿತ್ತು.
‘ಬೇರಿಂಗ್ ಸವೆದಿದೆ ಸಾರ್’ ಅಂದೆ, ನಮಸ್ಕಾರಕ್ಕೂ ಮುಂಚೆ.
ತಲೆ ಎತ್ತದೆಯೇ ಹೇಳಿದರು:
‘ಪ್ರೇಮಲೀಲಾ. ಸರ್ಫೇಸ್ ಗ್ರೈಂಡಿಂಗು.’

ಲೆಟರ್‌ಹೆಡ್ಡು ಅಟ್ಟದ ಮೇಲೆ, ಅಂಚನ್ನು ಜಿರಲೆ ತಿಂದಿತ್ತು.
ರಬ್ಬರ್ ಸ್ಟ್ಯಾಂಪು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ.
ಒಣಗಿದ ಇಂಕ್ ಪ್ಯಾಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ.
ಕೈ ಒರೆಸಿಕೊಂಡು ಕೂತರು,
ಡ್ರಾಯಿಂಗಿಗೆ ಅಳತೆ ಹಾಕುತ್ತಿದ್ದ ಅದೇ ಬಿಡಿ ಅಕ್ಷರ,
ಯಾವ ಮೆಷೀನು, ಎಷ್ಟು ಗಂಟೆ, ಯಾರಿಗೆಲ್ಲ ಕಲಿಸಿದೆ,
ನಾನು ಮರೆತದ್ದನ್ನೂ ಬರೆದರು.

ಸಂಬಳದ ಸಾಲಿಗೆ ಬಂದು ಪೆನ್ನು ನಿಂತಿತು.
ಕೊನೆಯ ಏಳು ತಿಂಗಳದ್ದು ನನಗೆ ಬಂದಿಲ್ಲ. ಗ್ರಾಚ್ಯುಟಿಯೂ.
ಇಬ್ಬರಿಗೂ ಗೊತ್ತು.
ಕಲ್ಲು ತಿರುಗುತ್ತಲೇ ಇತ್ತು, ಅಕ್ಕಿ ಮುಗಿದಿದ್ದರೂ.

‘ಹಾಕಿ ಸಾರ್,’ ಅಂದೆ,
‘ತಿಂಗಳು ತಿಂಗಳೂ ಸಂದಾಯವಾಗಿದೆ ಅಂತ.’
ಹಾಕಿದರು. ಬಾಕಿ ಏನೂ ಇರುವುದಿಲ್ಲ.
ಆ ಸಾಲಿನ ಅಕ್ಷರಗಳು ಒಂದು ಕೂದಲಿನಷ್ಟು ಚಿಕ್ಕವು.
ಬೇರೆಯವರಿಗೆ ಕಾಣದು. ನಾನು ಅಳೆಯುವವಳು.

ಆ ಏಳು ತಿಂಗಳಲ್ಲಿ ಅಮ್ಮನ ಓಲೆ
ಸುಂಕದಕಟ್ಟೆಯ ಗಿರವಿ ಅಂಗಡಿ ಸೇರಿತು, ಬಿಡಿಸಲಾಗಲಿಲ್ಲ.
ಪತ್ರದ ಪ್ರಕಾರ
ಅದು ಈಗಲೂ ನನ್ನ ಕಿವಿಯಲ್ಲೇ ಇರಬೇಕು.

ಹೊರಡುವಾಗ ಎರಡು ಕೇಜಿ ಹಿಟ್ಟು ಕಟ್ಟಿಕೊಟ್ಟರು.
ದುಡ್ಡು ಬೇಡ ಅಂದರು.
ನಾನೂ ಒತ್ತಾಯ ಮಾಡಲಿಲ್ಲ.

ಎಂಟು ಐವತ್ತು.
ಫೈಲು ದೊಡ್ಡದಾಯಿತು ಅನ್ನುತ್ತದೆ, ಕುಗ್ಗಿಸಿ ಹಾಕಿದೆ,
ಜಿರಲೆ ತಿಂದ ಅಂಚು ಸಮೇತ.
ಮೇಲಿನ ವಿವರಗಳೆಲ್ಲ ನಿಜವೆಂದು ದೃಢಪಡಿಸುತ್ತೀರಾ?
ಒಂದು ಸಣ್ಣ ಚೌಕ ಕಾಯುತ್ತಿದೆ.
ಪಾತ್ರೆಯಲ್ಲಿ ಹಿಟ್ಟು ಉಬ್ಬಿ
ಮುಚ್ಚಳವನ್ನು ಮೆಲ್ಲಗೆ ಎತ್ತುತ್ತಿದೆ.
ಚಿಕ್ಕಿ ಬಾಗಿಲು ತಟ್ಟುತ್ತಾಳೆ: ದೊಡ್ಡಮ್ಮಾ, ಆಯ್ತಾ?

ಒತ್ತಿದೆ.

ಭಾನುವಾರ ಲಗ್ಗೆರೆಗೆ ಹೋಗಬೇಕು.
ಅದು ೬೨೦೪ ಇರಬಹುದು, ಸದ್ದಿನಲ್ಲೇ ಗೊತ್ತಾಗುತ್ತದೆ.
ಹಾಗೇ ಬಿಟ್ಟರೆ ಶಾಫ್ಟೂ ಹೋಗುತ್ತದೆ.